ಸಂಬಳಕ್ಕೆ ಮುನಿದವನೋ, ಗಾಯದಿಂದ ಮರಳುವವನೋ?

ಅಮೆರಿಕನ್ ಫುಟ್‌ಬಾಲಿನ ಫ್ಯಾಂಟಸಿ ತಂಡಕ್ಕೆ (ನಿಜ ಆಟಗಾರರ ಆಟದ ಮೇಲೆ ಅಂಕ ಸಿಗುವ ಕಾಲ್ಪನಿಕ ತಂಡ) ಇಬ್ಬರು ರನ್ನಿಂಗ್ ಬ್ಯಾಕ್‌ಗಳಲ್ಲಿ, ಅಂದರೆ ಚೆಂಡು ಹಿಡಿದು ಓಡುವವರಲ್ಲಿ, ಯಾರು ಅಂತ ಕೇಳಿದ್ದೀರಿ: ಒಬ್ಬ ಹೆಚ್ಚು ಸಂಬಳಕ್ಕಾಗಿ ಮುನಿದು ಆಡಲು ಬರದವನು, ಇನ್ನೊಬ್ಬ ಗಾಯದಿಂದ ಮರಳುವವನು. ಬೆಲೆಯಲ್ಲಿ ಇಬ್ಬರೂ ಅಗ್ಗ, ಡ್ರಾಫ್ಟಿನಲ್ಲಿ (ಸರದಿಯಂತೆ ಆಟಗಾರರನ್ನು ಆರಿಸುವಾಗ) ತಡವಾಗಿ ಸಿಗುತ್ತಾರೆ.

ಅಪಾಯ ಮಾತ್ರ ಬೇರೆ ಬೇರೆ. ಮುನಿದವನ ಮೈ ಗಟ್ಟಿ, ಮನಸ್ಸು ಹೇಳಕ್ಕಾಗಲ್ಲ. 2019ರಲ್ಲಿ ಎಝೆಕಿಯಲ್ ಎಲಿಯಟ್ ಮೊದಲ ಪಂದ್ಯಕ್ಕೆ 4 ದಿನ ಮುಂಚೆ ಹೊಸ ಒಪ್ಪಂದಕ್ಕೆ ಸಹಿ ಹಾಕಿ, ಆ ಸೀಸನ್ 1,357 ಗಜ ಓಡಿದರು. 2018ರಲ್ಲಿ ಲೆವಿಯಾನ್ ಬೆಲ್ ಇಡೀ ಸೀಸನ್ ಬರಲೇ ಇಲ್ಲ. ನಂಬಿದವರಿಗೆ ಸೊನ್ನೆ. ನೋವಾಗುತ್ತೆ ಅಲ್ವಾ?

ಗಾಯಾಳು ಸಾಮಾನ್ಯವಾಗಿ ಬಂದೇ ಬರುತ್ತಾನೆ, ಆದರೆ ತಡವಾಗಿ. ಪಿಯುಪಿ ಪಟ್ಟಿಯಲ್ಲೇ (ಆಡಲು ಮೈ ಇನ್ನೂ ಸಜ್ಜಾಗದವರ ಪಟ್ಟಿ) ಸೀಸನ್ ಶುರುವಾದರೆ ಕನಿಷ್ಠ 4 ಪಂದ್ಯ ಹೋದಂತೆ. 2011ರ ಡಿಸೆಂಬರಿನಲ್ಲಿ ಎಸಿಎಲ್ (ಮೊಣಕಾಲಿನ ಒಂದು ಲಿಗಮೆಂಟ್) ಹರಿದುಕೊಂಡ ಏಡ್ರಿಯನ್ ಪೀಟರ್ಸನ್ 2012ರಲ್ಲಿ 2,097 ಗಜ ಓಡಿದರು, ಒಂದು ಸೀಸನ್ನಿನ ದಾಖಲೆಗಿಂತ ಬರೀ 8 ಕಡಿಮೆ. ಅದು ಪವಾಡ, ಎಲ್ಲರಿಂದ ನಿರೀಕ್ಷಿಸಬೇಡಿ.

ನಿಮ್ಮ ಬೆಂಚು (ಬದಲಿ ಆಟಗಾರರು) ಗಟ್ಟಿಯಿದ್ದರೆ ಗಾಯಾಳು. ಮೊದಲ ವಾರದಿಂದಲೇ ಅಂಕ ಬೇಕಿದ್ದರೆ ಮುನಿದವನು, ಅದೂ ಮಾತುಕತೆ ನಡೆಯುತ್ತಿದ್ದರೆ ಮಾತ್ರ.