ಹುಬ್ಬಳ್ಳಿಗೆ ಬಂದ ಮೇಲೆ ವಿನ್ಯಾಸಕರ ಒಡನಾಟ: ಮೂರು ದಾರಿಗಳ ಹೋಲಿಕೆ

ಬೆಂಗಳೂರಿನಲ್ಲಿ ಪುಸ್ತಕದ ಮುಖಪುಟ ಮತ್ತು ಆಮಂತ್ರಣ ಪತ್ರಿಕೆಗಳ ವಿನ್ಯಾಸ ಮಾಡಿಕೊಂಡಿದ್ದ ನಾನು ಕಳೆದ ವರ್ಷ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದಾಗ ಕೆಲಸವೇನೂ ಕಡಿಮೆಯಾಗಲಿಲ್ಲ. ಆದರೆ ಮಾಡಿದ್ದನ್ನು ನೋಡಿ ‘ಇದು ಕೂತಿಲ್ಲ’ ಎಂದು ಹೇಳುವವರು ಹತ್ತಿರದಲ್ಲಿ ಇಲ್ಲವಾದರು. ಎಂಟು ತಿಂಗಳಲ್ಲಿ ಮೂರು ದಾರಿಗಳನ್ನು ಹಿಡಿದು ನೋಡಿದೆ.

ಮೊದಲನೆಯದು, ಹಳೆಯ ಗೆಳೆಯರೊಂದಿಗೆ ಶನಿವಾರದ ವಿಡಿಯೊ ಮಾತುಕತೆ. ನನ್ನ ಕೆಲಸದ ಹದ ಅವರಿಗೆ ಗೊತ್ತು, ಪ್ರಯಾಣದ ಶ್ರಮವೂ ಇಲ್ಲ. ಆದರೆ ನಾನು ತೋರಿಸುವ ಕುಂಕುಮಗೆಂಪು ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಬಣ್ಣವಾಗಿ ಕಾಣುವಾಗ ಚರ್ಚೆ ಎಲ್ಲಿಗೂ ಮುಟ್ಟುವುದಿಲ್ಲ.

ಎರಡನೆಯದು ಗದಗಿನ ಒಂದು ಮುದ್ರಣಾಲಯ. ಅಲ್ಲಿ ಶಾಯಿ ಕಾಗದಕ್ಕೆ ಇಳಿದ ಮೇಲೆಯೇ ಮಾತು. “ಅಕ್ಕಾರ, ಮ್ಯಾಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡೀತೈತ್ರಿ” ಎಂದು ಅಚ್ಚಿನವರು ತೋರಿಸಿದಾಗ, ‘ರಾಷ್ಟ್ರೀಯ’ದಂಥ ಪದಗಳಿರುವ ಪುಟಕ್ಕೆ ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕೆಂಬುದು ಕಣ್ಣಿಗೇ ತಿಳಿಯಿತು. ಲಗ್ನದ ಹಂಗಾಮಿನಲ್ಲಿ ಮಾತ್ರ ಅವರಿಗೆ ಬಿಡುವು ಸಿಗುವುದಿಲ್ಲ.

ಮೂರನೆಯದು, ಧಾರವಾಡದಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳ ಸೋಮವಾರದ ಕೂಟ. ಬರೀ ಅಲಂಕಾರಕ್ಕೆ ಕಲಿಯುವ ಕೈಕೆಲಸವೆಂದು ಭಾವಿಸಿ ಹೋಗಿದ್ದ ನನಗೆ ಅಲ್ಲಿ ಸಿಕ್ಕಿದ್ದು ಕಟ್ಟುನಿಟ್ಟಾದ ವಿನ್ಯಾಸದ ಪಾಠ. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಹಾಕುವಂತಿಲ್ಲ. ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ಎಳೆಗಳ ಎಣಿಕೆಯಿಂದಲೇ ಮೂಡಬೇಕು. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ, ಗಂಟು ಹಾಕುವ ಪದ್ಧತಿಯೂ ಇಲ್ಲ. ಒಂದು ಎಳೆ ತಪ್ಪಿದರೂ ಮರಳುವ ದಾರಿ ಕೂಡುವುದಿಲ್ಲ. ನನ್ನ ಗೋಪುರದ ಮೂರನೆಯ ಮೆಟ್ಟಿಲು ಹೀಗೆ ಓರೆಯಾದಾಗ, ಪಕ್ಕದಲ್ಲಿದ್ದ ಹಿರಿಯರು ಬಟ್ಟೆ ತಿರುವಿ ಹಿಂಬದಿ ನೋಡಿ, “ತಂಗಿ, ಇಲ್ಲಿಂದ ಬಿಚ್ಚು, ಮತ್ತ ಎಣಸು” ಎಂದರು. ಬಹಳ ದಿನಗಳಿಂದ ನಾನು ಕಾದಿದ್ದುದು ಅಂಥ ಮಾತಿಗೇ.

ಹೊಸದಾಗಿ ಈ ಕಡೆಗೆ ಬಂದ ವಿನ್ಯಾಸಕರು ಒಂದನ್ನೇ ಆಯ್ದುಕೊಳ್ಳಬೇಕಾದರೆ ನಾನು ಧಾರವಾಡದ ಕೂಟವನ್ನೇ ಹೇಳುತ್ತೇನೆ, ಅಕ್ಷರದ ಕೆಲಸವಿದ್ದಾಗ ಗದಗನ್ನು. ಶನಿವಾರದ ಮಾತುಕತೆಯನ್ನು ಬಿಟ್ಟಿಲ್ಲವಾದರೂ ಈಗ ಅಲ್ಲಿ ಕೆಲಸಕ್ಕಿಂತ ಮನೆಯ ಸುದ್ದಿಯೇ ಹೆಚ್ಚು. ಮೊನ್ನೆ ಒಂದು ಮುಖಪುಟವನ್ನು ಪರದೆಯಲ್ಲಲ್ಲದೆ ಗ್ರಾಫ್ ಹಾಳೆಯ ಮೇಲೆ, ಚೌಕಗಳನ್ನು ಎಣಿಸುತ್ತ ಆರಂಭಿಸಿದೆ. ಸೋಮವಾರ ಅದನ್ನು ಆ ಹಿರಿಯರಿಗೆ ತೋರಿಸಬೇಕು.