ಸೆಕೆಂಡ್ ಹ್ಯಾಂಡ್ ಏರಾನ್ ಕುರ್ಚಿ: ವರ್ಷಗಟ್ಟಲೆ ಕೂತ ಮೇಲೆ

ದಿನವಿಡೀ ಕೂತು ಕೆಲಸ ಮಾಡುವವರು ಕುರ್ಚಿ ಬಗ್ಗೆ ಕೇಳಿದರೆ ನಾನು ಹೇಳುವುದು ಒಂದೇ: ಅಗ್ಗದ ಹೊಸದು ಬೇಡ, ಗಟ್ಟಿಯಾದ ಹಳೆಯದನ್ನು ಹುಡುಕಿ. ನನ್ನದು ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್. ಕೊರೊನಾ ನಂತರ ಬೆಂಗಳೂರಿನ ಎಷ್ಟೋ ಆಫೀಸುಗಳು ಜಾಗ ಖಾಲಿ ಮಾಡಿದವಲ್ಲ, ಆಗ ಇಂಥ ಕುರ್ಚಿಗಳು ಹಳೇ ಫರ್ನಿಚರ್ ಅಂಗಡಿಗಳಿಗೆ ಬಂದವು. ಹೊಸದಕ್ಕೆ ಲಕ್ಷಕ್ಕೂ ಜಾಸ್ತಿ. ನನಗೆ ಅದರ ಮೂರನೇ ಒಂದು ಭಾಗಕ್ಕೂ ಕಮ್ಮಿಗೆ ಸಿಕ್ಕಿತು.

1994ರಲ್ಲಿ ಮಾರುಕಟ್ಟೆಗೆ ಬಂದ ಈ ಕುರ್ಚಿಯ ಸೀಟಿನಲ್ಲಿ ಸ್ಪಂಜೇ ಇಲ್ಲ, ಬರೀ ಮೆಶ್, ಅಂದರೆ ಬಿಗಿಯಾಗಿ ಎಳೆದು ಕಟ್ಟಿದ ಬಲೆ. ಹಳೆಯದನ್ನು ಕೊಳ್ಳುವವರಿಗೆ ಇದೇ ದೊಡ್ಡ ಲಾಭ. ಸ್ಪಂಜು ವರ್ಷ ಕಳೆದಂತೆ ಕುಸಿಯುತ್ತದೆ, ಯಾರ್ಯಾರದೋ ಬೆವರು ಕುಡಿದಿರುತ್ತದೆ. ಮೆಶ್ ಆದರೆ ಸೋಪಿನ ನೀರಲ್ಲಿ ಬ್ರಶ್ ಹಾಕಿ ಉಜ್ಜಿದರೆ ಆಯ್ತು. ಏಪ್ರಿಲ್ ಸೆಕೆಯಲ್ಲೂ ಶರ್ಟು ಬೆನ್ನಿಗೆ ಅಂಟುವುದಿಲ್ಲ.

ಅಂಗಡಿಯಲ್ಲಿ ಮೊದಲು ಸೈಜ್ ನೋಡಿ. ಬೆನ್ನಿನ ಫ್ರೇಮಿನ ಮೇಲಂಚಿನ ಹಿಂದೆ ಬೆರಳಾಡಿಸಿದರೆ ಸಣ್ಣ ಚುಕ್ಕಿಗಳು ಸಿಗುತ್ತವೆ. ಒಂದಿದ್ದರೆ ಎ (ಸಣ್ಣದು), ಎರಡಿದ್ದರೆ ಬಿ (ಮಧ್ಯಮ), ಮೂರಿದ್ದರೆ ಸಿ (ದೊಡ್ಡದು). ಸಾಧಾರಣ ಮೈಕಟ್ಟಿನವರಿಗೆ ಬಿ ಸರಿ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಸೀಟಿನ ಮೆಶ್ ಫ್ರೇಮಿಗೆ ಸೇರುವ ಅಂಚನ್ನು ಸುತ್ತಲೂ ನೋಡಿ. ಅಲ್ಲಿ ಎಳೆ ಬಿಟ್ಟಿದ್ದರೆ ಕೊಳ್ಳಲೇಬೇಡಿ. ಬರೀ ಮೆಶ್ ಬದಲಿಸೋಕೆ ಆಗಲ್ಲ, ಸೀಟಿನ ಫ್ರೇಮನ್ನೇ ಪೂರ್ತಿ ಬದಲಿಸಬೇಕು.

ನನಗೆ ತೊಂದರೆ ಕೊಟ್ಟದ್ದು ಅಂಗಡಿಯವರ ‘ರಿಫರ್ಬಿಷ್’ ಕೆಲಸ, ಅಂದರೆ ಹಳೆಯದನ್ನು ರಿಪೇರಿ ಮಾಡಿ ಮಾರುವುದು. ಕುರ್ಚಿಯನ್ನು ಏರಿಸಿ ಇಳಿಸುವ ಹಳೇ ಗ್ಯಾಸ್ ಸಿಲಿಂಡರ್ ತೆಗೆದು ಯಾವುದೋ ಕಳಪೆ ಸಿಲಿಂಡರ್ ಹಾಕಿದ್ದರು. ಕೆಲವೇ ತಿಂಗಳಲ್ಲಿ ನಾನು ಕೂತಂತೆಯೇ ಕುರ್ಚಿ ಮೆಲ್ಲಗೆ ಇಳಿಯತೊಡಗಿತು. ಕೇಳಿದರೆ ‘ಹಳೇ ಮಾಲು ಸರ್’ ಎಂದು ಕೈತೊಳೆದುಕೊಂಡರು. ತುಂಬಾ ಬೇಜಾರಾಯಿತು. ಕೊನೆಗೆ ಒಳ್ಳೆಯ ಸಿಲಿಂಡರ್ ತರಿಸಿ ನಾನೇ ಹಾಕಿದೆ. ಅದಕ್ಕೆ ಸ್ಕ್ರೂ ಇರುವುದಿಲ್ಲ, ಬಿಗಿಯಾಗಿ ಕಚ್ಚಿಕೊಂಡಿರುತ್ತದೆ ಅಷ್ಟೇ. ಹಳೆಯದನ್ನು ತೆಗೆಯಲು ಸಂದಿಗೆ ಎಣ್ಣೆ ಬಿಟ್ಟು, ಪೈಪ್ ರೆಂಚಲ್ಲಿ ಹಿಡಿದು ತಿರುವಿದೆ. ಮೊದಲು ಜಪ್ಪಯ್ಯ ಅನ್ನಲಿಲ್ಲ, ಆಮೇಲೆ ‘ಟಕ್’ ಅಂತ ಬಿಟ್ಟುಕೊಂಡಿತು. ಅಂದಿನಿಂದ ಇವತ್ತಿನವರೆಗೆ ಒಂದಿಂಚೂ ಇಳಿದಿಲ್ಲ. ಬಿಡಿಭಾಗ ಬದಲಿಸಿ ಮುಂದೆ ಓಡಿಸಬಹುದು ಅನ್ನೋದಕ್ಕೇ ನನಗೆ ಈ ಕುರ್ಚಿ ಇಷ್ಟ. ಟೈಲ್ಸ್ ನೆಲವಾದರೆ ಚಕ್ರಗಳನ್ನೂ ಮೆತ್ತನೆಯವಕ್ಕೆ ಬದಲಿಸಿ, ಗೀರು ಬೀಳಲ್ಲ.

ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಮಾತ್ರ ಇದು ಹೇಳಿದ್ದಲ್ಲ. ಫ್ರೇಮಿನ ಅಂಚು ಗಟ್ಟಿ, ತೊಡೆಗೆ ಒತ್ತುತ್ತದೆ.

ಕಂಪನಿಯ 12 ವರ್ಷದ ವಾರಂಟಿ ಮೊದಲು ಕೊಂಡವರಿಗಷ್ಟೇ, ನಮಗೆ ಬರಲ್ಲ. ಅದಕ್ಕೇ ದುಡ್ಡು ಕೊಡುವ ಮುಂಚೆ, ಸಿಲಿಂಡರ್ ಆರು ತಿಂಗಳೊಳಗೆ ಕೈಕೊಟ್ಟರೆ ಬದಲಿಸಿಕೊಡುತ್ತೇವೆ ಎಂದು ಬಿಲ್ ಮೇಲೇ ಬರೆಸಿಕೊಳ್ಳಿ.