ನಾಲ್ಕು ವರ್ಷ ಬಳಸಿದ ಮೇಲೆ: ಒಂದೇ ಫೈಲು, ಇಬ್ಬರ ಕೈ

ನಾನು, ನನ್ನ ಗೆಳತಿ ಸೇರಿ ನಾಲ್ಕು ವರ್ಷದಿಂದ ಮಕ್ಕಳಿಗೆ ವಿಜ್ಞಾನದ ಪಾಠ ಬರೆಯುತ್ತಿದ್ದೇವೆ. ಎಲ್ಲ ಬ್ರೌಸರ್‌ನಲ್ಲೇ, ಇಬ್ಬರೂ ಒಟ್ಟಿಗೆ ತಿದ್ದಬಹುದಾದ ಒಂದು ಆನ್‌ಲೈನ್ ಡಾಕ್ಯುಮೆಂಟ್‌ನಲ್ಲಿ. ಫಾಂಟು, ಟೇಬಲ್ಲು ಇವೆಲ್ಲ ನಿಮಗೆ ಗೊತ್ತೇ ಇದೆ. ನನಗೆ ಹೇಳಬೇಕಿರುವುದು ಫೈಲಿನ ಹಳೆಯ ರೂಪಗಳನ್ನು ಉಳಿಸಿ ತೋರಿಸುವ ‘ಆವೃತ್ತಿ ಇತಿಹಾಸ’ದ ಬಗ್ಗೆ.

ಬೆಳಿಗ್ಗೆ ಫೈಲು ತೆರೆದರೆ ಮೊದಲು ಹೋಗುವುದೇ ಅಲ್ಲಿಗೆ. ಅವಳು ರಾತ್ರಿ ಸೇರಿಸಿದ್ದು ಹಸಿರಾಗಿರುತ್ತದೆ, ತೆಗೆದದ್ದರ ಮೇಲೆ ಗೀಟು. ಹಳೆಯದರಿಂದ ಒಂದೊಂದೇ ಒತ್ತುತ್ತಾ ಬರುತ್ತೇನೆ.

ಒಮ್ಮೆ ನಾನು ‘ಉಷ್ಣತೆಯ ಹೆಚ್ಚಳದಿಂದ ಲೋಹಗಳಲ್ಲಿ ವ್ಯಾಕೋಚನೆ ಉಂಟಾಗುತ್ತದೆ’ ಅಂತ ಬರೆದಿದ್ದೆ. ಮರುದಿನ ನೋಡಿದರೆ ಮೂರೇ ಪದ: ‘ಕಾಯಿಸಿದರೆ ಕಬ್ಬಿಣ ಹಿಗ್ಗುತ್ತದೆ’. ಎಷ್ಟು ಸಲೀಸಾಗಿ ಬರೆದುಬಿಟ್ಟಳು ಅನ್ನಿಸಿತು. ಇತಿಹಾಸ ಬೇರೆಯೇ ಹೇಳಿತು. ಮೊದಲು ‘ದೊಡ್ಡದಾಗುತ್ತದೆ’. ಆಮೇಲೆ ‘ಉಬ್ಬುತ್ತದೆ’. ಅದನ್ನೂ ಅಳಿಸಿ ‘ಹರಡುತ್ತದೆ’. ಇಪ್ಪತ್ತು ನಿಮಿಷ ಏನೂ ಇಲ್ಲ. ಕೊನೆಗೆ ‘ಹಿಗ್ಗುತ್ತದೆ’. ಚೆನ್ನಾಗಿ ಬರೆಯುವವರೂ ಹೀಗೆ ತಡವರಿಸುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದು ಅವತ್ತೇ. ಅಚ್ಚಾದ ಪುಸ್ತಕದಲ್ಲಿ ಇದು ಎಲ್ಲಿ ಸಿಗುತ್ತದೆ?

ವಿಕಿಪೀಡಿಯದಲ್ಲೂ ಪ್ರತಿ ಪುಟಕ್ಕೆ ಇತಿಹಾಸ ಇದೆ. ಆದರೆ ಅಲ್ಲಿ ಉಳಿಯುವುದು ‘ಪ್ರಕಟಿಸು’ ಒತ್ತಿದ ಮೇಲಿನದು ಮಾತ್ರ. 2008ರಲ್ಲಿ ಬಂದ ಈಥರ್‌ಪ್ಯಾಡ್ ಅನ್ನುವ, ಹೀಗೇ ಒಟ್ಟಿಗೆ ಬರೆಯುವ ಆನ್‌ಲೈನ್ ಸಾಧನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಒಂದು ಸ್ಲೈಡರ್ ಎಳೆದರೆ ಬರಹ ಮೊದಲಿಂದ ಬೆಳೆಯುವುದನ್ನೇ ನೋಡಬಹುದು. ನಾವು ಬಳಸುವುದರಲ್ಲಿ ಅಷ್ಟು ನಯ ಇಲ್ಲ. ಆದರೂ ಸಾಕು.

ಕನ್ನಡದ ತೊಂದರೆಯನ್ನೂ ಹೇಳಲೇಬೇಕು. ‘ಗ್ಗು’ ನಮಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ಗೆ ಅದು ನಾಲ್ಕು ಸಂಕೇತ: ಗ, ಸ್ವರ ತೆಗೆಯುವ ಚಿಹ್ನೆ (್), ಇನ್ನೊಂದು ಗ, ಉಕಾರ. ತಿದ್ದಿದ್ದನ್ನು ಬರೀ ಸಲಹೆಯಾಗಿ ತೋರಿಸುವ ‘ಸಲಹೆ ಮೋಡ್‌’ನಲ್ಲಿ ಅಕ್ಷರವನ್ನು ಅರ್ಧ ತಿದ್ದಿದರೆ ಒತ್ತು ಕಳಚಿಕೊಂಡು ಚುಕ್ಕಿ ವೃತ್ತದ ಪಕ್ಕ ಕೂರುತ್ತದೆ. ಈಗ ನಾವು ಪದವನ್ನೇ ಪೂರ್ತಿ ಅಳಿಸಿ ಹೊಸದಾಗಿ ಬರೆಯುತ್ತೇವೆ.

ಇದನ್ನಾದರೂ ಸಹಿಸಬಹುದು. ನಿಜವಾದ ಕಿರಿಕಿರಿ ಕರ್ಸರ್‌ದು. ನಾನು ಟೈಪ್ ಮಾಡುವಾಗ ಅವಳ ಹೆಸರು ಹೊತ್ತ ಗೆರೆ ನನ್ನ ಸಾಲಿನ ಪಕ್ಕದಲ್ಲೇ ಮಿಣುಕುತ್ತಿದ್ದರೆ ಕೈ ಓಡುವುದಿಲ್ಲ. ಯಾರೋ ಹೆಗಲ ಹಿಂದೆ ನಿಂತ ಹಾಗೆ. ಅದನ್ನು ಮರೆಮಾಡಲು ಒಂದು ಬಟನ್ ಹುಡುಕಿ ಹುಡುಕಿ ಸಾಕಾಯಿತು. ಇಲ್ಲ. ಕೊನೆಗೆ ನೋಟ್‌ಪ್ಯಾಡ್‌ನಲ್ಲಿ ಬರೆದು, ತಿದ್ದಿ, ಒಂದೇ ಸಲ ಇಲ್ಲಿಗೆ ತಂದು ಹಾಕಲು ಶುರು ಮಾಡಿದೆ. ಹೆಚ್ಚೂಕಡಿಮೆ ಒಂದು ವರ್ಷ ಹಾಗೇ ನಡೆಯಿತು.

ಒಂದು ದಿನ ಅವಳ ಕಾಮೆಂಟ್ ಬಂತು: ‘ನೀನು ಸುಮ್ನೆ ಪೇಸ್ಟ್ ಮಾಡ್ತಿದ್ದೀಯ ಅಲ್ವಾ? ಹೇಗೆ ಬರೆದೆ ಅಂತ ಕಾಣ್ತಾನೇ ಇಲ್ಲ.’ ನಾನು ದಿನಾ ಬೆಳಿಗ್ಗೆ ಅವಳ ಇತಿಹಾಸ ನೋಡುವ ಹಾಗೆ ಅವಳೂ ನನ್ನದು ನೋಡುತ್ತಿದ್ದಳು! ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಕಡೆಯಿಂದ ಅವಳಿಗೆ ಸಿಕ್ಕಿದ್ದು ಬರೀ ಹಸಿರು ಗುಡ್ಡೆ.

ಈಗ ಹೊತ್ತು ಹಂಚಿಕೊಂಡಿದ್ದೇವೆ. ಸಂಜೆ ಫೈಲು ನನ್ನದು, ಅವಳು ತೆರೆಯುವುದಿಲ್ಲ. ರಾತ್ರಿ ಅವಳದು. ಕರ್ಸರ್ ಮುಚ್ಚುವ ಬಟನ್ ಬರುವವರೆಗೆ ಐದಕ್ಕೆ ನಾಲ್ಕು ನಕ್ಷತ್ರ. ಇಬ್ಬರು ಸೇರಿ ಬರೆಯುವವರು ಖಂಡಿತ ಬಳಸಿ, ಪೇಸ್ಟ್ ಮಾತ್ರ ಮಾಡಬೇಡಿ. ನಿನ್ನೆ ಸಂಜೆ ‘ಆವಿ’ ಪಾಠದ ಮೊದಲ ಸಾಲನ್ನು ನಾನು ಏಳು ಸಲ ಅಳಿಸಿದೆ. ಏಳೂ ಅಲ್ಲೇ ಇವೆ, ಅವಳು ನೋಡಲಿ ಅಂತ.